ಮೇಜಿನ ಮೇಲೊಂದು ಘಾಟಿ

ಸಕಲೇಶಪುರ ಬಿಟ್ಟು ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುವ ರೈಲಿನಲ್ಲಿ ಕೂತವರ ಕಣ್ಣೆಲ್ಲ ಕಾಡು, ಕಣಿವೆ, ಸುರಂಗಗಳ ಮೇಲೆ. 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗ, 109 ಸೇತುವೆ. ಇಷ್ಟೆಲ್ಲ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ: 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಅದಕ್ಕಿಂತ ಕಡಿದಾಗಿ ಹಳಿ ಏರಬಾರದೆಂದು ಎಂಜಿನಿಯರುಗಳು ಮೊದಲೇ ಗೆರೆ ಹಾಕಿಕೊಂಡರು. ಆ ಗೆರೆಗೆ ಬೆಟ್ಟ ಅಡ್ಡ ಬಂದ ಕಡೆ ಸುರಂಗ ಕೊರೆದರು, ನೆಲ ತಗ್ಗಿದ ಕಡೆ ಸೇತುವೆ ಕಟ್ಟಿದರು.

ಇದೇ ಲೆಕ್ಕ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೂ ನಡೆಯುತ್ತದೆ. ಮಾದರಿ ರೈಲು ಕಟ್ಟುವ ಹವ್ಯಾಸಿಗಳು ತಮ್ಮ ಮೊದಲ ಲೇಔಟನ್ನು ಸಾಮಾನ್ಯವಾಗಿ ಸಪಾಟಾಗಿಯೇ ಮಾಡುತ್ತಾರೆ. ಒಂದು ಸುತ್ತು ಹಳಿ, ಒಂದು ಸ್ಟೇಷನ್, ಪಕ್ಕಕ್ಕೆ ಒಂದೆರಡು ಸೈಡಿಂಗ್. ಸ್ವಲ್ಪ ದಿನ ರೈಲು ಸುತ್ತು ಹಾಕಿದ ಮೇಲೆ ಆಸೆ ಬೆಳೆಯುತ್ತದೆ. ಈ ಹಳಿ ಒಂದು ಕಡೆ ಏರಿ, ಸೇತುವೆಯ ಮೇಲೆ ತನ್ನನ್ನೇ ತಾನು ದಾಟಿ, ಇನ್ನೊಂದು ಕಡೆ ಇಳಿದು ಬಂದರೆ ಎಷ್ಟು ಚೆಂದ! ಈ ಆಸೆ ಚಿಕ್ಕ ಹಲಗೆಯ ಮೇಲೂ ಕೈಗೂಡುತ್ತದೆ. ಆದರೆ ಎತ್ತರ ಬೇಕಾದವರು ಅದರ ಬೆಲೆಯನ್ನು ಉದ್ದದಲ್ಲಿ ತೆರಬೇಕು. ಈ ಮಾತು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಅಳತೆ, ತಾಳ್ಮೆ, ಫೆವಿಕಾಲ್.

ಎಂಬತ್ತೇಳರಲ್ಲಿ ಒಂದು ಪಾಲು

ಆಟಿಕೆ ರೈಲಿಗೆ ಗೊತ್ತಾದ ಅಳತೆಯ ಹಳಿ ಬಂದದ್ದು ಜರ್ಮನಿಯಲ್ಲಿ. ಮ್ಯಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ನಿಗದಿತ ಗೇಜಿನ, ಒಂದಕ್ಕೊಂದು ಜೋಡಿಸಬಹುದಾದ ಹಳಿಗಳನ್ನು ಪ್ರದರ್ಶನಕ್ಕಿಟ್ಟಿತು. ಇವತ್ತು ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಸ್ಕೇಲ್. ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಎರಡು ಹಳಿಗಳ ನಡುವೆ 16.5 ಮಿ.ಮೀ. ಅಂತರ. ಅದಕ್ಕಿಂತ ಚಿಕ್ಕದು ಎನ್ ಸ್ಕೇಲ್: 160ರಲ್ಲಿ ಒಂದು ಪಾಲು, 9 ಮಿ.ಮೀ. ಅಂತರ. ನಮ್ಮ ಬ್ರಾಡ್‌ಗೇಜಿನ 1,676 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ತುಸು ಹೆಚ್ಚು ಬರುತ್ತದೆ. ಆದರೂ ಭಾರತದ ಎಂಜಿನ್, ಬೋಗಿಗಳ ಎಚ್‌ಒ ಮಾದರಿಗಳು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ 16.5ರ ಹಳಿಯ ಮೇಲೆಯೇ ಓಡುತ್ತವೆ.

ಹ್ಯಾಂಬರ್ಗ್ ನಗರದ ಮಿನಿಯೇಚರ್ ವಂಡರ್‌ಲ್ಯಾಂಡ್ ಕಟ್ಟಡವೊಂದರ ಮಹಡಿಗಳನ್ನೇ ಎಚ್‌ಒ ರೈಲುಗಳಿಂದ ತುಂಬಿದೆ. ನಮ್ಮ ಹತ್ತಿರದಲ್ಲಿ ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ಇಂಥ ರೈಲುಗಳನ್ನು ಓಡಿಸಿ ತೋರಿಸುತ್ತಿದೆ. ಮನೆಯಲ್ಲಿ ಕಟ್ಟುವವರಿಗೆ ಅಷ್ಟು ಜಾಗವೆಲ್ಲಿ? ಅಮೆರಿಕದ ಹವ್ಯಾಸಿಗಳು ಬಹಳ ಹಿಂದಿನಿಂದ ಒಂದು ಇಡೀ ಪ್ಲೈವುಡ್ ಶೀಟನ್ನೇ ಲೇಔಟಿನ ಅಳತೆ ಮಾಡಿಕೊಂಡಿದ್ದಾರೆ. ಅದು ಎಂಟು-ನಾಲ್ಕಡಿ, ಅಂದರೆ ಸುಮಾರು 2,440 ಮತ್ತು 1,220 ಮಿ.ಮೀ. ನಮ್ಮೂರಿನ ಪ್ಲೈವುಡ್ ಅಂಗಡಿಯಲ್ಲೂ ಶೀಟಿನ ಅಳತೆ ಅದೇ. ಹಾಗಾಗಿ ಈ ಲೇಖನದ ಲೆಕ್ಕವೆಲ್ಲ ಆ ಒಂದು ಹಲಗೆಯದು.

ನೂರಕ್ಕೆ ಎಷ್ಟು?

ನಮ್ಮ ರೈಲ್ವೆಯವರು ಏರನ್ನು 50ಕ್ಕೆ 1, 100ಕ್ಕೆ 1 ಎಂದು ಬರೆಯುತ್ತಾರೆ. ಅಮೆರಿಕದವರು ಅದನ್ನೇ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 50ಕ್ಕೆ 1 ಎಂದರೆ ಶೇ 2. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಮ್‌ಗೆ ಇಳಿಯುವ ದೂಧ್‌ಸಾಗರದ ದಾರಿಯ ಏರು 37ಕ್ಕೆ 1, ಅಂದರೆ ಶೇ 2.7. ಅಲ್ಲಿ ಗೂಡ್ಸ್ ರೈಲನ್ನು ಮೇಲಕ್ಕೆ ತರಲು ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್ ಬೇಕು. ನೀಲಗಿರಿ ರೈಲಿನ ಕಡಿದಾದ ಏರು 12ಕ್ಕೆ 1ರಷ್ಟು, ಶೇ 8ಕ್ಕೂ ಮೇಲೆ. ಅಲ್ಲಿ ಚಕ್ರದ ಹಿಡಿತ ಸಾಲದು ಎಂದೇ ಹಳಿಯ ನಡುವೆ ಹಲ್ಲಿನ ಪಟ್ಟಿ ಹಾಕಿ, ಎಂಜಿನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುವಂತೆ ಮಾಡಿದ್ದಾರೆ. ಸ್ವಿಟ್ಜರ್ಲೆಂಡಿನ ಬರ್ನಿನಾ ದಾರಿ ಹಲ್ಲುಪಟ್ಟಿ ಇಲ್ಲದೆ ಶೇ 7 ಏರುತ್ತದೆ. ಅದು ಹಗುರ ರೈಲಿನ ಸಾಹಸ.

ಮಾದರಿ ರೈಲಿನವರು ಇಲ್ಲಿಂದ ತಮ್ಮ ಮಿತಿಯನ್ನು ಆರಿಸಿಕೊಳ್ಳಬೇಕು. ಶೇ 2 ಇದ್ದರೆ ರೈಲು ಸಲೀಸಾಗಿ ಏರುತ್ತದೆ. ಶೇ 3 ಚಿಕ್ಕ ಲೇಔಟಿಗೆ ಒಪ್ಪುವ ಮಧ್ಯದ ದಾರಿ. ಶೇ 4ಕ್ಕೆ ಹೋದರೆ ಗಾಡಿ ಗಿಡ್ಡವಾಗಿರಲೇಬೇಕು. ಅಂಗಡಿಯಲ್ಲಿ ಸಿಗುವ ಫೋಮಿನ ಸಿದ್ಧ ಇಳಿಜಾರು ಪಟ್ಟಿಗಳು ಕೂಡ ಶೇ 2, 3, 4ರ ಅಳತೆಯಲ್ಲೇ ಬರುತ್ತವೆ. ಚಿಕ್ಕ ಹಲಗೆಗೆ ಶೇ 3ನ್ನೇ ಮಿತಿ ಎಂದು ಇಟ್ಟುಕೊಳ್ಳಿ ಎಂಬುದು ನನ್ನ ಗಟ್ಟಿ ಸಲಹೆ.

ಎಷ್ಟು ಎತ್ತರ ಸಾಕು?

ಹಳಿಯ ಮೇಲೆ ಹಳಿ ದಾಟಬೇಕೆಂದರೆ ಕೆಳಗಿನ ರೈಲಿನ ತಲೆ ಮೇಲಿನ ಸೇತುವೆಗೆ ತಗುಲಬಾರದು. ಎಚ್‌ಒ ಸ್ಕೇಲಿನಲ್ಲಿ ಅಮೆರಿಕದ ಹವ್ಯಾಸಿಗಳು ಕೆಳಗಿನ ಹಳಿಯಿಂದ ಸೇತುವೆಯ ಅಡಿಯವರೆಗೆ ಸಾಮಾನ್ಯವಾಗಿ ಮೂರು ಇಂಚು ಬಿಡುತ್ತಾರೆ, ಅಂದರೆ 76 ಮಿ.ಮೀ. ಅದಕ್ಕೆ ಸೇತುವೆಯ ದಪ್ಪ, ಹಳಿಯ ದಪ್ಪ ಸೇರಿಸಿದರೆ ಹಳಿಯಿಂದ ಹಳಿಗೆ 90 ಮಿ.ಮೀ. ಬೇಕಾಗುತ್ತದೆ. ಶೇ 3ರಲ್ಲಿ 90 ಮಿ.ಮೀ. ಏರಲು ಮೂರು ಮೀಟರ್, ಇಳಿಯಲು ಇನ್ನೂ ಮೂರು ಮೀಟರ್. ಎಂಟು-ನಾಲ್ಕಡಿ ಹಲಗೆಯಲ್ಲಿ 18 ಇಂಚು ತ್ರಿಜ್ಯದ ತಿರುವು ಹಾಕಿ ಅಂಚಿನುದ್ದಕ್ಕೂ ಒಂದು ಸುತ್ತು ಹಳಿ ಹಾಕಿದರೆ ಒಟ್ಟು ಉದ್ದ ಸುಮಾರು ಐದೂವರೆ ಮೀಟರ್. ಅಲ್ಲಿಗೆ ಲೆಕ್ಕ ತಪ್ಪಿತು.

ಆದರೆ ಆ ಮೂರು ಇಂಚು ಎಲ್ಲರಿಗೂ ಬೇಕೇ? ಅಮೆರಿಕದಲ್ಲಿ ಕಂಟೇನರಿನ ಮೇಲೆ ಕಂಟೇನರ್ ಹೊತ್ತ ಎತ್ತರದ ಗಾಡಿಗಳು ಓಡುತ್ತವೆ. ನಮ್ಮ ಡೀಸೆಲ್ ಎಂಜಿನ್, ಪ್ರಯಾಣಿಕರ ಬೋಗಿ, ಸಾಮಾನ್ಯ ವ್ಯಾಗನ್ನುಗಳ ಎತ್ತರ ಹಳಿಯಿಂದ ಸುಮಾರು ನಾಲ್ಕೂಕಾಲು ಮೀಟರಿನ ಒಳಗೇ ಇರುತ್ತದೆ. 87ರಿಂದ ಭಾಗಿಸಿದರೆ 49 ಮಿ.ಮೀ. ಅದರ ಮೇಲೆ ಸ್ವಲ್ಪ ಜಾಗ ಬಿಟ್ಟು 55 ಮಿ.ಮೀ. ಇಟ್ಟುಕೊಂಡು, ಸೇತುವೆಯನ್ನು ತೆಳುವಾದ ಗರ್ಡರ್ ಮಾದರಿಯಲ್ಲಿ ಮಾಡಿದರೆ ಹಳಿಯಿಂದ ಹಳಿಗೆ 70 ಮಿ.ಮೀ.ಯಲ್ಲಿ ಕೆಲಸ ಮುಗಿಯುತ್ತದೆ. ಶೇ 3ರ ಏರಿನಲ್ಲಿ ಉಳಿಸಿದ ಒಂದೊಂದು ಸೆಂಟಿಮೀಟರ್ ಎತ್ತರವೂ 33 ಸೆಂ.ಮೀ. ಉದ್ದವನ್ನು ಉಳಿಸಿಕೊಡುತ್ತದೆ. ವಿದ್ಯುತ್ ತಂತಿ ಎಳೆಯುವ ಆಸೆ ಇದ್ದವರು ಮಾತ್ರ ಮೂರು ಇಂಚನ್ನೇ ಇಟ್ಟುಕೊಳ್ಳಲಿ. ಉಳಿದವರು ತಮ್ಮ ಗಾಡಿಗಳಲ್ಲಿ ಅತಿ ಎತ್ತರದ್ದನ್ನು ಹಳಿಯ ಮೇಲೆ ನಿಲ್ಲಿಸಿ, ಅಳೆದು, ಆಮೇಲೆ ತೀರ್ಮಾನಿಸಲಿ.

ಇನ್ನೊಂದು ಉಪಾಯವಿದೆ. ಎರಡು ಬೇರೆ ಬೇರೆ ಹಳಿಗಳು ಒಂದನ್ನೊಂದು ದಾಟುವುದಾದರೆ ಒಂದೇ ಹಳಿಯ ತಲೆಯ ಮೇಲೆ ಏರಿನ ಭಾರವನ್ನೆಲ್ಲ ಹೇರಬೇಕಾಗಿಲ್ಲ. ಒಂದು ಹಳಿ 35 ಮಿ.ಮೀ. ಏರಲಿ, ಇನ್ನೊಂದು 35 ಮಿ.ಮೀ. ಇಳಿಯಲಿ. ಎರಡರ ನಡುವಿನ ಅಂತರ 70 ಆಯಿತು, ಪ್ರತಿ ಹಳಿಗೂ ಬೇಕಾದ ಏರಿನ ಉದ್ದ ಅರ್ಧಕ್ಕೆ ಇಳಿಯಿತು. ಇದಕ್ಕೆ ಹಲಗೆಯ ಮೇಲೆ ಮೊದಲೇ 50 ಮಿ.ಮೀ. ದಪ್ಪದ ಫೋಮ್ ಹಾಸಿ ಅದರ ಮೇಲೆ ಹಳಿ ಹಾಕಬೇಕು. ಆಗ ಇಳಿಯುವ ಹಳಿಗೆ ಕೊರೆದು ದಾರಿ ಮಾಡಿಕೊಡಬಹುದು.

ಏರಿನ ಎರಡು ತುದಿಗಳು

ಹೊಸಬರ ಏರುಗಳು ಕೆಡುವುದು ಹೆಚ್ಚಾಗಿ ನಡುವೆ ಅಲ್ಲ, ತುದಿಗಳಲ್ಲಿ. ಸಪಾಟು ಹಳಿಯಿಂದ ನೇರವಾಗಿ ಶೇ 3ಕ್ಕೆ ಮುರಿದು ಎದ್ದರೆ ಅಲ್ಲೊಂದು ಮೂಲೆ ಹುಟ್ಟುತ್ತದೆ. ತಗ್ಗಿನ ಆ ಮೂಲೆಯಲ್ಲಿ ಎಂಜಿನಿನ ಮೂತಿ ಹಳಿಗೆ ತಗುಲುತ್ತದೆ. ಮೇಲಿನ ತುದಿಯ ದಿಬ್ಬದಲ್ಲಿ ಉದ್ದ ಎಂಜಿನಿನ ಹೊಟ್ಟೆ ಕೂತು, ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಒಂದು ಗಾಡಿಯ ಕಪ್ಲರ್ ಮೇಲೆ, ಪಕ್ಕದ್ದು ಕೆಳಗೆ ಆಗಿ ಕೊಂಡಿ ಕಳಚಿಕೊಳ್ಳುತ್ತದೆ. ಅರ್ಧ ರೈಲು ಮುಂದೆ ಹೋಗುತ್ತದೆ, ಉಳಿದರ್ಧ ಹಿಂದಕ್ಕೆ ಜಾರುತ್ತದೆ.

ಇದಕ್ಕೆ ಮದ್ದು, ಏರನ್ನು ನಿಧಾನವಾಗಿ ಶುರುಮಾಡಿ ನಿಧಾನವಾಗಿ ಮುಗಿಸುವುದು. ನಿಮ್ಮಲ್ಲಿರುವ ಅತಿ ಉದ್ದದ ವಾಹನದಷ್ಟು ದೂರದಲ್ಲಿ ಏರು ಶೇ 1ಕ್ಕಿಂತ ಹೆಚ್ಚು ಬದಲಾಗಬಾರದು ಎಂಬುದು ಒಳ್ಳೆಯ ಕಟ್ಟುಪಾಡು. ಐಸಿಎಫ್ ಬೋಗಿಯ ಎಚ್‌ಒ ಮಾದರಿ ಸುಮಾರು 25 ಸೆಂ.ಮೀ. ಉದ್ದ. ಹಾಗಾದರೆ ಸಪಾಟಿನಿಂದ ಶೇ 3ಕ್ಕೆ ಬರಲು 75 ಸೆಂ.ಮೀ. ಬೇಕು. ಮೊದಲ 25 ಸೆಂ.ಮೀ. ಮುಗಿದಾಗ ಹಳಿ ಏರಿರುವುದು ಒಂದೂಕಾಲು ಮಿ.ಮೀ. ಮಾತ್ರ. ಐವತ್ತನೇ ಸೆಂ.ಮೀ.ನಲ್ಲಿ 5 ಮಿ.ಮೀ., ಎಪ್ಪತ್ತೈದರಲ್ಲಿ 11 ಮಿ.ಮೀ.ಗೆ ತುಸು ಮೇಲೆ. ಅಲ್ಲಿಂದ ಮುಂದೆ ಪ್ರತಿ 25 ಸೆಂ.ಮೀ.ಗೆ ಏಳೂವರೆ ಮಿ.ಮೀ. ಮೇಲಿನ ತುದಿಯಲ್ಲಿ ಇದೇ ಅಂಕಿಗಳನ್ನು ತಿರುಗಿಸಿ ಬಳಸಬೇಕು.

ಈ ಮೃದುತನಕ್ಕೂ ಬೆಲೆ ಇದೆ. ಎರಡು ತುದಿಗಳ ನಯದಿಂದ ಒಟ್ಟು ಏರು 75 ಸೆಂ.ಮೀ. ಉದ್ದವಾಗುತ್ತದೆ. 45 ಮಿ.ಮೀ. ಏರಲು ಕಾಗದದ ಮೇಲೆ ಒಂದೂವರೆ ಮೀಟರ್ ಸಾಕು ಎನ್ನಿಸಿದರೆ, ಹಲಗೆಯ ಮೇಲೆ ಎರಡೂಕಾಲು ಮೀಟರ್ ತೆಗೆದಿಡಬೇಕು. ಗಿಡ್ಡ ವಾಹನಗಳನ್ನು ಆರಿಸಿಕೊಂಡವರಿಗೆ ಇಲ್ಲಿ ಲಾಭ. ಬಾಕ್ಸ್‌ಎನ್ ವ್ಯಾಗನ್ನಿನ ಎಚ್‌ಒ ಮಾದರಿ 12 ಸೆಂ.ಮೀ. ಆಸುಪಾಸು. 18 ಇಂಚಿನ ತಿರುವಿನಲ್ಲಿ ಉದ್ದ ಬೋಗಿಗಳು ಹೇಗೂ ಒದ್ದಾಡುತ್ತವೆ. ಚಿಕ್ಕ ಹಲಗೆಗೆ ಗೂಡ್ಸ್ ರೈಲೇ ಶೋಭೆ.

8ರ ಆಕಾರದ ಲೆಕ್ಕ

ಹಳಿ ತನ್ನನ್ನೇ ದಾಟಬೇಕೆಂದರೆ ಎಲ್ಲಕ್ಕಿಂತ ಸರಳ ನಕ್ಷೆ 8ರ ಆಕಾರ. ರೈಲು ತನ್ನ ದಾರಿಯನ್ನೇ ಮೇಲಿಂದ ದಾಟುವುದು ನಿಜಲೋಕದಲ್ಲೂ ಇದೆ. ಕ್ಯಾಲಿಫೋರ್ನಿಯಾದ ಟೆಹಾಚಪಿ ಲೂಪ್ 1876ರದ್ದು. ಶೇ 2ರ ಏರಿನಲ್ಲಿ ಒಂದು ಸುತ್ತು ಹಾಕಿ ಹಳಿ 77 ಅಡಿ ಮೇಲೇರುತ್ತದೆ. ಉದ್ದನೆಯ ಗೂಡ್ಸ್ ರೈಲು ಬಂದಾಗ ಅದರ ಮೂತಿ ತನ್ನದೇ ಬಾಲದ ಮೇಲೆ ಹಾದುಹೋಗುತ್ತದೆ. ಡಾರ್ಜಿಲಿಂಗ್ ದಾರಿಯ ಬತಾಸಿಯಾ ಲೂಪ್ 1919ರದ್ದು. ಕಡಿದಾದ ಇಳಿಜಾರನ್ನು ಸಹಿಸಲಾಗದ ಕಡೆ ಸುತ್ತು ಬಳಸಿ ಉದ್ದ ಸಂಪಾದಿಸುವ ಉಪಾಯವೇ ಎರಡರಲ್ಲೂ ಇರುವುದು.

ನಮ್ಮ ಹಲಗೆಯ ಮೇಲೆ 18 ಇಂಚು ತ್ರಿಜ್ಯದ 8 ಹಾಕಿದರೆ ಒಟ್ಟು ಉದ್ದ ಸುಮಾರು 6.2 ಮೀಟರ್. ದಾಟುವ ಜಾಗದ ಕೆಳಗಿನಿಂದ ಒಂದು ಸುತ್ತು ಹಾಕಿ ಮೇಲೆ ಬರಲು ಸಿಗುವುದು ಅದರ ಅರ್ಧ, 3.1 ಮೀಟರ್. 90 ಮಿ.ಮೀ. ಎತ್ತರ ಬೇಕೆಂದು ಹಟ ಹಿಡಿದರೆ, ತುದಿಗಳ ನಯವನ್ನೂ ಸೇರಿಸಿ, ಏರು ಶೇ 4.5ಕ್ಕೆ ಹೋಗುತ್ತದೆ. 70 ಮಿ.ಮೀ.ಗೆ ಒಪ್ಪಿಕೊಂಡರೆ ಶೇ 3ರಲ್ಲಿ ಕೂರುತ್ತದೆ. ಎರಡು ಸೆಂಟಿಮೀಟರ್ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಪ್ರತಿಫಲ ಇದು! ಆದರೆ ಆಗ ಇಡೀ ಸುತ್ತಿನಲ್ಲಿ ಎಲ್ಲೂ ಸಮತಟ್ಟು ಜಾಗ ಉಳಿಯುವುದಿಲ್ಲ. ಸ್ಟೇಷನ್ ಎಲ್ಲಿಡುವುದು?

ನನ್ನ ಪ್ರಕಾರ ಚಿಕ್ಕ ಹಲಗೆಗೆ ಹೆಚ್ಚು ಹೊಂದುವುದು ಇನ್ನೊಂದು ನಕ್ಷೆ. ಮುಖ್ಯ ಸುತ್ತು ಸಪಾಟಾಗಿಯೇ ಇರಲಿ. ಅದರಿಂದ ಒಂದು ಕವಲು ಹಳಿ ಒಡೆದು, ಒಂದು ತುದಿಯ ತಿರುವನ್ನೂ ಹಿಂಬದಿಯ ಉದ್ದವನ್ನೂ ಬಳಸಿಕೊಂಡು ಏರಿ, 45 ಮಿ.ಮೀ. ಎತ್ತರದಲ್ಲಿ ಒಂದು ಪುಟ್ಟ ಸ್ಟೇಷನ್ನಿಗೋ ಗಣಿಗೋ ಮುಟ್ಟಲಿ. ಅರ್ಧ ಸುತ್ತಿನ ತಿರುವು ಮತ್ತು ಒಂದು ಉದ್ದ ಬದಿ ಸೇರಿದರೆ 2.8 ಮೀಟರ್ ಸಿಗುತ್ತದೆ. ನಮಗೆ ಬೇಕಾದದ್ದು ಎರಡೂಕಾಲು. ಏರಿದ ಹಳಿ ಮತ್ತೆ ಇಳಿಯಬೇಕಾಗಿಲ್ಲವಾದ್ದರಿಂದ ಎತ್ತರದ ಬೆಲೆಯನ್ನು ಒಂದೇ ಸಲ ತೆರುತ್ತೇವೆ. ಮೇಲಿನ ಸ್ಟೇಷನ್ನಿನಿಂದ ಒಂದೊಂದೇ ಗಾಡಿ ಜೋಡಿಸಿ ಕೆಳಗೆ ತರುವ ಆಟಕ್ಕೂ ಅರ್ಥ ಬರುತ್ತದೆ.

8ರ ಆಕಾರವೇ ಬೇಕು ಎನ್ನುವವರು ಎನ್ ಸ್ಕೇಲಿನತ್ತ ನೋಡಬಹುದು. ಅದರಲ್ಲಿ ನಮ್ಮ ಗಾಡಿಗಳ ಎತ್ತರ 27 ಮಿ.ಮೀ.ಗೆ ಇಳಿಯುತ್ತದೆ, ಹಳಿಯಿಂದ ಹಳಿಗೆ 40 ಮಿ.ಮೀ. ಸಾಕು. ಅದೇ ಹಲಗೆ, ಅದೇ 6.2 ಮೀಟರ್ ಸುತ್ತು, ಆದರೆ ಏರು ಮಾತ್ರ ಶೇ ಒಂದೂವರೆಯಷ್ಟು. ಸಕಲೇಶಪುರದ ಘಾಟಿಗಿಂತಲೂ ಸೌಮ್ಯ!

ತಿರುವಿನ ಸುಂಕ

ಏರಿನ ಮೇಲೆ ತಿರುವು ಬಂದರೆ ಎಂಜಿನಿಗೆ ಹೊರೆ ಇನ್ನಷ್ಟು ಹೆಚ್ಚು. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುತ್ತದೆ, ಉಜ್ಜಿದಷ್ಟೂ ಎಳೆತ ಹೆಚ್ಚು. ಭಾರತೀಯ ರೈಲ್ವೆ ಇದಕ್ಕೆ ವಿನಾಯಿತಿ ಕೊಡುತ್ತದೆ: ಬ್ರಾಡ್‌ಗೇಜಿನಲ್ಲಿ ತಿರುವಿನ ಪ್ರತಿ ಡಿಗ್ರಿಗೆ ಏರನ್ನು ಶೇ 0.04ರಷ್ಟು ತಗ್ಗಿಸಬೇಕು. ಸಕಲೇಶಪುರ ಘಾಟಿಯ ಬಿಗಿಯಾದ ತಿರುವುಗಳು 8 ಡಿಗ್ರಿಯವು, ಅಂದರೆ ಸುಮಾರು 220 ಮೀಟರ್ ತ್ರಿಜ್ಯ. ಎಚ್‌ಒ ಸ್ಕೇಲಿನಲ್ಲಿ ಅದು ಎರಡೂವರೆ ಮೀಟರ್ ತ್ರಿಜ್ಯವಾಗುತ್ತದೆ, ಅಂದರೆ ಒಂದು ಅರ್ಧ ಸುತ್ತಿಗೆ ಐದು ಮೀಟರ್ ಅಗಲದ ಕೋಣೆ ಬೇಕು. ನಮ್ಮ 18 ಇಂಚಿನ ತಿರುವನ್ನು ನಿಜದ ಅಳತೆಗೆ ಹಿಗ್ಗಿಸಿದರೆ 40 ಮೀಟರ್ ತ್ರಿಜ್ಯ. ಯಾವ ಬ್ರಾಡ್‌ಗೇಜ್ ಮುಖ್ಯಮಾರ್ಗವೂ ಅಷ್ಟು ಬಿಗಿಯಾಗಿ ತಿರುಗುವುದಿಲ್ಲ. ಮಾದರಿ ರೈಲು ಹೊರುವ ತಿರುವಿನ ಸುಂಕ ನಿಜವಾದ ರೈಲಿಗಿಂತ ಎಷ್ಟೋ ಭಾರ.

ಎಚ್‌ಒ ಹವ್ಯಾಸಿಗಳ ನಡುವೆ ಇದಕ್ಕೊಂದು ಅಂದಾಜು ಸೂತ್ರ ಚಾಲ್ತಿಯಲ್ಲಿದೆ. 32ನ್ನು ಇಂಚಿನ ಲೆಕ್ಕದ ತ್ರಿಜ್ಯದಿಂದ ಭಾಗಿಸಿದರೆ, ಆ ತಿರುವು ಎಷ್ಟು ಶೇಕಡಾ ಏರಿಗೆ ಸಮ ಎಂದು ಸಿಗುತ್ತದೆ. 18 ಇಂಚಿಗೆ ಅದು 1.8. ಶೇ 3ರ ಏರು ಇಂಥ ತಿರುವಿನ ಮೇಲೆ ಬಂದರೆ ಎಂಜಿನಿಗೆ ಅದು ಶೇ 4.8ರಂತೆ ಭಾಸವಾಗುತ್ತದೆ.

ಇದರ ಪರಿಣಾಮವನ್ನು ಗಾಡಿಗಳ ಎಣಿಕೆಯಲ್ಲಿ ನೋಡೋಣ. 400 ಗ್ರಾಂ ತೂಕದ ಎಂಜಿನ್ ತನ್ನ ತೂಕದ ಐದರಲ್ಲೊಂದು ಪಾಲು, ಅಂದರೆ 80 ಗ್ರಾಂ ಬಲದಿಂದ ಎಳೆಯುತ್ತದೆ ಎಂದು ಹಿಡಿಯಿರಿ. ಒಂದೊಂದು ವ್ಯಾಗನ್ 110 ಗ್ರಾಂ, ಸಪಾಟಿನಲ್ಲಿ ಅದನ್ನು ಉರುಳಿಸಲು ತೂಕದ ಶೇ 2ರಷ್ಟು ಬಲ ಬೇಕು ಎಂದಿಟ್ಟುಕೊಳ್ಳಿ. ಸಪಾಟು ನೇರ ಹಳಿಯಲ್ಲಿ ಈ ಎಂಜಿನ್ 36 ವ್ಯಾಗನ್ ಎಳೆಯಬಲ್ಲದು. ಶೇ 2ರ ಏರಿನಲ್ಲಿ 16. ಶೇ 3ರಲ್ಲಿ 12. ಶೇ 3ರ ಏರು 18 ಇಂಚಿನ ತಿರುವಿನ ಮೇಲಿದ್ದರೆ 8. ಎಂಜಿನ್ ತನ್ನ ಭಾರವನ್ನೂ ತಾನೇ ಮೇಲಕ್ಕೆ ಹೊರಬೇಕಲ್ಲ, ಆ ಪಾಲೂ ಇದರೊಳಗೆ ಕಳೆದಿದೆ. ನಿಮ್ಮ ಎಂಜಿನ್ ಬೇರೆಯಾದರೆ ಅಂಕಿ ಬೇರೆಯಾದೀತು, ಕುಸಿತದ ರೀತಿ ಇದೇ. ಚಿಕ್ಕ ಹಲಗೆಯ ರೈಲಿಗೆ ಎಂಟು ವ್ಯಾಗನ್ ಧಾರಾಳ. ಇದಕ್ಕಿಂತ ಹೆಚ್ಚು ವ್ಯಾಗನ್ ಏರಿಸಲು ಹೋದರೆ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತದೆ.

ಕಟ್ಟುವ ಕೆಲಸ

ಹಳಿ ಕೂರುವ ಪಟ್ಟಿಯನ್ನು 6 ಅಥವಾ 9 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡುವುದು ಹಳೆಯ, ನಂಬಿಕಸ್ಥ ವಿಧಾನ. ಹಲಗೆಯ ಮೇಲೆ ಹಳಿಯ ದಾರಿಯನ್ನು ಬರೆದು, ಅದರ ಎರಡೂ ಬದಿಗೆ ಜಿಗ್‌ಸಾದಿಂದ ಕೊಯ್ದರೆ ಏರುವ ಭಾಗ ಪಟ್ಟಿಯಂತೆ ಬಿಡಿಸಿಕೊಳ್ಳುತ್ತದೆ. ಅದರ ಬುಡ ಹಲಗೆಗೆ ಅಂಟಿಕೊಂಡೇ ಇರಬೇಕು. ಪಟ್ಟಿಯ ತಲೆಯನ್ನು ಎತ್ತಿ ಕೆಳಗೆ ಒತ್ತು ಕೊಡುತ್ತ ಬಂದರೆ ಪ್ಲೈವುಡ್ ತಾನಾಗಿಯೇ ಬಾಗಿ, ಬುಡದಲ್ಲಿ ಆ ನಯವಾದ ಆರಂಭ ಮೂಡುತ್ತದೆ. ಏರು ಶುರುವಾಗುವ ಜಾಗದಲ್ಲಿ ಪಟ್ಟಿಗೆ ಜೋಡು ಬರದಂತೆ ನೋಡಿಕೊಳ್ಳಬೇಕು. ಜೋಡು ಬಂದ ಕಡೆ ಮೂಲೆ ಹುಟ್ಟುತ್ತದೆ.

ಒತ್ತುಗಳಿಗೆ 6 ಮಿ.ಮೀ. ಪ್ಲೈವುಡ್ ತುಂಡುಗಳೇ ಸಾಕು. ಪ್ರತಿ 20 ಸೆಂ.ಮೀ.ಗೆ ಒಂದೊಂದು ತುಂಡು ಹೆಚ್ಚಿಸುತ್ತ ಹೋದರೆ ಏರು ಶೇ 3. ಪ್ರತಿ 30 ಸೆಂ.ಮೀ.ಗೆ ಹೆಚ್ಚಿಸಿದರೆ ಶೇ 2. ಆರಂಭದ ಒಂದೆರಡು ಮಿ.ಮೀ. ಎತ್ತರಕ್ಕೆ ವಿಸಿಟಿಂಗ್ ಕಾರ್ಡುಗಳನ್ನು ಒಂದರ ಮೇಲೊಂದು ಅಂಟಿಸಿ ಬಳಸಬಹುದು. ಫೋಮ್ ಬಳಸುವವರು ಅಂಟಿನ ಬಗ್ಗೆ ಎಚ್ಚರವಾಗಿರಬೇಕು. ದ್ರಾವಕ ಬೆರೆತ ಅಂಟುಗಳು ಥರ್ಮೊಕೋಲನ್ನೂ ಅದರ ಜಾತಿಯ ಫೋಮನ್ನೂ ಕರಗಿಸಿ ಗುಳಿ ಮಾಡುತ್ತವೆ. ಬಿಳಿ ಫೆವಿಕಾಲ್ ಹಚ್ಚಿ, ಮೇಲೆ ಭಾರವಿಟ್ಟು, ಒಣಗಲು ಸಾಕಷ್ಟು ಸಮಯ ಕೊಡುವುದು ಕ್ಷೇಮ.

ಏರನ್ನು ಅಳೆಯಲು ಗಾರೆ ಕೆಲಸದವರ ರಸಮಟ್ಟವೇ ಸಾಕು, ಒಂದು ಮೀಟರ್ ಉದ್ದದ್ದಾದರೆ ಒಳ್ಳೆಯದು. ಅದರ ಒಂದು ತುದಿಯ ಅಡಿಗೆ ಸರಿಯಾಗಿ 30 ಮಿ.ಮೀ. ದಪ್ಪದ ಮರದ ತುಂಡನ್ನು ಟೇಪಿನಿಂದ ಅಂಟಿಸಿ. ಆ ತುದಿ ತಗ್ಗಿನ ಕಡೆಗಿರಲಿ. ಗುಳ್ಳೆ ನಡುವೆ ನಿಂತರೆ ಏರು ಸರಿಯಾಗಿ ಶೇ 3. ಗುಳ್ಳೆ ಅತ್ತಿತ್ತ ಸರಿದರೆ ಯಾವ ಒತ್ತಿಗೆ ಒಂದು ಕಾರ್ಡು ಹಾಕಬೇಕು, ಯಾವುದರಿಂದ ತೆಗೆಯಬೇಕು ಎಂದು ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಪುಟ್ಟ ರಸಮಟ್ಟವನ್ನು ಎರಡು ಹಳಿಗಳ ಮೇಲೆ ಅಡ್ಡವಾಗಿ ಇಟ್ಟು ನೋಡುವುದನ್ನು ಮರೆಯಬಾರದು. ಏರುತ್ತ ಏರುತ್ತ ಪಟ್ಟಿ ಒಂದು ಬದಿಗೆ ತಿರುಚಿಕೊಂಡರೆ ಗಾಡಿ ಹಳಿ ತಪ್ಪುತ್ತದೆ, ಕಾರಣ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಹಳಿ ಕವಲೊಡೆಯುವ ಪಾಯಿಂಟುಗಳನ್ನು ಏರು ಬದಲಾಗುವ ಬಾಗಿನಲ್ಲಿ ಇಡಬಾರದು. ಅವು ಸಪಾಟಾಗಿ ಇರಲೆಂದೇ ಮಾಡಿರುವ ವಸ್ತು, ಬಾಗಿದರೆ ನಾಲಗೆ ಸರಿಯಾಗಿ ಕೂರುವುದಿಲ್ಲ. ಒಂದೇ ಸಮನೆ ಏರುವ ಭಾಗದಲ್ಲಿ ಇಟ್ಟರೆ ತೊಂದರೆಯಿಲ್ಲ. ಹಳಿಗೆ ಮೊಳೆ ಹೊಡೆಯುವ ಮೊದಲು, ಹಳಿಯನ್ನು ತಾತ್ಕಾಲಿಕವಾಗಿ ಪಿನ್ನಿನಿಂದ ನಿಲ್ಲಿಸಿ, ನಿಮ್ಮ ಅತಿ ಉದ್ದದ ರೈಲನ್ನು ಮೇಲಕ್ಕೂ ಕೆಳಕ್ಕೂ ಹಿಂದಕ್ಕೂ ಓಡಿಸಿ ನೋಡಿ. ಜಲ್ಲಿ, ಹುಲ್ಲು, ಬೆಟ್ಟ ಎಲ್ಲ ಆಮೇಲೆ.

ಇಳಿಜಾರಿನ ಶಿಸ್ತು

ಏರಿದ ರೈಲು ಇಳಿಯಲೂ ಬೇಕು. ಸಾಮಾನ್ಯ ಡಿಸಿ ನಿಯಂತ್ರಣದಲ್ಲಿ ಎಂಜಿನ್ ಏರಿನಲ್ಲಿ ನಿಧಾನವಾಗಿ, ಇಳಿಜಾರಿನಲ್ಲಿ ವೇಗ ಹಿಡಿಯುತ್ತದೆ, ಆದ್ದರಿಂದ ಕೈ ಸದಾ ಗುಂಡಿಯ ಮೇಲಿರಬೇಕು. ಡಿಜಿಟಲ್ ನಿಯಂತ್ರಣದ (ಡಿಸಿಸಿ) ಅನೇಕ ಡಿಕೋಡರುಗಳಲ್ಲಿ ಮೋಟರಿನ ವೇಗವನ್ನು ತಾನೇ ಗಮನಿಸಿ ಸರಿದೂಗಿಸುವ ವ್ಯವಸ್ಥೆ ಇರುತ್ತದೆ. ಘಾಟಿ ಕಟ್ಟುವವರಿಗೆ ಅದು ಖರ್ಚಿಗೆ ತಕ್ಕ ಪ್ರತಿಫಲ ಕೊಡುತ್ತದೆ.

ಸ್ಟೇಷನ್ ಮಾತ್ರ ಸಮತಟ್ಟಾಗಿರಲೇಬೇಕು. ನಮ್ಮ ರೈಲ್ವೆಯ ನಿಯಮದಲ್ಲಿ ಸ್ಟೇಷನ್ ಯಾರ್ಡಿನ ಇಳಿಜಾರು 400ಕ್ಕೆ 1ನ್ನು ಮೀರಬಾರದು, 1,200ಕ್ಕೆ 1 ಇದ್ದರೆ ಉತ್ತಮ. ಎಂಜಿನ್ ಬಿಚ್ಚಿದ ವ್ಯಾಗನ್ ತಾನಾಗಿ ಉರುಳಬಾರದು ಎಂಬುದೇ ಕಾರಣ. ಮೇಜಿನ ಮೇಲೂ ಅದೇ ಸತ್ಯ. ಒಳ್ಳೆಯ ಲೋಹದ ಚಕ್ರವಿರುವ ವ್ಯಾಗನ್ ಶೇ 2ರಲ್ಲೇ ಜಾರಲು ಶುರುಮಾಡಬಹುದು, ಮೇಜಿನ ಅಂಚು ದೂರವಿರುವುದಿಲ್ಲ.

ಇಲ್ಲಿ ಘಾಟಿಯಿಂದ ಕಲಿಯಬೇಕಾದ ಒಂದು ಜಾಣ್ಮೆ ಇದೆ: ಕ್ಯಾಚ್ ಸೈಡಿಂಗ್. ಘಾಟಿ ಇಳಿದು ಬರುವ ರೈಲಿಗೆ ಪಾಯಿಂಟ್ ಮೊದಲು ತೆರೆದಿರುವುದು ಒಂದು ಕವಲು ಹಳಿಯ ಕಡೆಗೆ. ಆ ಹಳಿ ಗುಡ್ಡದ ಕಡೆಗೆ ಏರಿ ಕೊನೆಯಾಗುತ್ತದೆ. ರೈಲು ಹಿಡಿತದಲ್ಲಿದೆ, ನಿಂತಿದೆ ಎಂದು ಖಾತ್ರಿಯಾದ ಮೇಲೆಯೇ ಮುಖ್ಯದಾರಿ ತೆರೆಯುತ್ತದೆ. ಬ್ರೇಕ್ ತಪ್ಪಿದ ರೈಲು ಊರಿನ ಕಡೆಗೆ ನುಗ್ಗದೆ ಆ ಏರಿನ ಮೇಲೆ ಹತ್ತಿ ತನ್ನ ವೇಗ ಕಳೆದುಕೊಳ್ಳುತ್ತದೆ. ನಿಮ್ಮ ಹಲಗೆಯಲ್ಲಿ ಮೇಲಿನ ಸ್ಟೇಷನ್ನಿಗೆ ಏರುವ ಕವಲು ದಾರಿಯ ಬುಡದಲ್ಲಿ ಇಂಥದೊಂದು ಅರ್ಧ ಮೀಟರ್ ಸೈಡಿಂಗ್ ಹಾಕಿದರೆ ನಿಮ್ಮ ಲೇಔಟ್ ನೋಡಿದವರಿಗೆ ಇದು ಪಶ್ಚಿಮ ಘಟ್ಟದ ರೈಲು ಎಂದು ಹೇಳಬೇಕಾಗಿಲ್ಲ.

ಕಣ್ಣಿಗೆ ಕಾಣುವ ಬೆಟ್ಟ

ಶೇ 3ರ ಏರು ಅಳತೆಯಲ್ಲಿ ಕಡಿದಾದರೂ ನೋಡುವ ಕಣ್ಣಿಗೆ ಸೌಮ್ಯ. ಅಷ್ಟಕ್ಕೇ ನಿರಾಶರಾಗಿ ಶೇ 5ಕ್ಕೆ ಏರಿಸುವವರಿದ್ದಾರೆ. ಬೇಕಾಗಿಲ್ಲ. ಹಳಿಯನ್ನು ಹೆಚ್ಚು ಎತ್ತುವ ಬದಲು ಪಕ್ಕದ ನೆಲವನ್ನು ಇಳಿಸಿ. ಹಲಗೆಯ ಮೇಲಿನ 50 ಮಿ.ಮೀ. ಫೋಮನ್ನು ಕೊರೆದು ಹಳ್ಳವೊಂದನ್ನು ಹಳಿಯ ಕೆಳಗೆ ಹಾಯಿಸಿದರೆ, 45 ಮಿ.ಮೀ. ಏರಿದ ಹಳಿ ಆ ಹಳ್ಳದ ತಳದಿಂದ 95 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಎಚ್‌ಒ ಲೆಕ್ಕದಲ್ಲಿ ಅದು ಎಂಟು ಮೀಟರಿಗೂ ಮಿಗಿಲಾದ ಸೇತುವೆ. ಏರುವ ಹಳಿಯ ಪಕ್ಕದಲ್ಲಿ ಒಂದು ಸಪಾಟು ಹಳಿಯೋ ರಸ್ತೆಯೋ ಓಡುತ್ತಿದ್ದರೆ ಎರಡರ ನಡುವಿನ ಅಂತರ ಹಿಗ್ಗುತ್ತ ಹೋಗುವುದು ಎದ್ದು ಕಾಣುತ್ತದೆ. ನೆಲವನ್ನು ಹಳಿಯ ಎದುರು ದಿಕ್ಕಿಗೆ ಇಳಿಜಾರಾಗಿಸಿದರೆ ಏರು ಇನ್ನಷ್ಟು ಕಡಿದಾಗಿ ತೋರುತ್ತದೆ. ಕಣ್ಣಿಗೆ ಬೆಟ್ಟ ಸಿಕ್ಕಿತು, ಎಂಜಿನಿಗೆ ಹೊರೆ ಹೆಚ್ಚಲಿಲ್ಲ.

ಚಿಕ್ಕದರಿಂದ ಶುರುಮಾಡುವುದಕ್ಕೆ ಸಂಕೋಚ ಬೇಡ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್, ನೆಲದಿಂದ ಎದ್ದ ಕಡಿದಾದ ಬೆಟ್ಟಗಳ ನಡುವೆ ರೈಲು ಓಡಿಸಿ ಈ ಹವ್ಯಾಸದ ರೂಪವನ್ನೇ ಬದಲಿಸಿದವರು. ಅವರು ಮೊದಲು ಕಟ್ಟಿದ್ದು ಹಳಿಯ ಮೇಲೆ ಹಳಿ ದಾಟುವ ಒಂದು ಪುಟ್ಟ ಲೇಔಟ್. ಮುಂದೆ ನೆಲಮಾಳಿಗೆಯನ್ನೇ ತುಂಬಿದ ದೊಡ್ಡ ಲೇಔಟಿನೊಳಗೆ ಅದು ಒಂದು ಮೂಲೆಯಾಗಿ ಸೇರಿಕೊಂಡಿತು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ದೊಡ್ಡ ಕೆಲಸ ನಾಶವಾಯಿತು. ಅದರ ಫೋಟೊಗಳು ಇವತ್ತಿಗೂ ಹೊಸಬರಿಗೆ ಪಾಠ.

ಹಲಗೆ ತರುವ ಮೊದಲು ಎರಡು ನಕ್ಷೆ ಬರೆಯಿರಿ. ಒಂದು, ಮೇಲಿನಿಂದ ನೋಡಿದಂತೆ ಹಳಿಯ ದಾರಿ. ಇದನ್ನು ಎಲ್ಲರೂ ಬರೆಯುತ್ತಾರೆ. ಇನ್ನೊಂದು, ಆ ಹಳಿಯನ್ನು ನೇರವಾಗಿ ಬಿಡಿಸಿ ಪಕ್ಕದಿಂದ ನೋಡಿದಂತೆ: ಅಡ್ಡಕ್ಕೆ ಉದ್ದ, ನೆಟ್ಟಗೆ ಎತ್ತರ, ಎಲ್ಲಿ ಸಪಾಟು, ಎಲ್ಲಿ ನಯವಾದ ತುದಿ, ಎಲ್ಲಿ ಶೇ 3. ಈ ಎರಡನೆಯದನ್ನು ಬರೆಯದೆ ಹಳಿ ಕೊಳ್ಳಬೇಡಿ. ಘಾಟಿಗೆ ಹಳಿ ಹಾಕಿದ ಎಂಜಿನಿಯರುಗಳು ಸುರಂಗಕ್ಕೆ ಕೈ ಹಾಕುವ ಮೊದಲು ಬರೆದದ್ದೂ ಇಂಥ ನಕ್ಷೆಯನ್ನೇ. ಅದರಲ್ಲಿ ಉದ್ದ ಸಾಲದಿದ್ದರೆ ಅವರಿಗಿದ್ದ ದಾರಿಗಳೇ ನಿಮಗೂ ಇವೆ: ಎತ್ತರ ಇಳಿಸುವುದು, ಸುತ್ತು ಬಳಸುವುದು, ರೈಲು ಗಿಡ್ಡ ಮಾಡುವುದು, ಇಲ್ಲವೇ ಹಿಂದೊಂದು ಎಂಜಿನ್ ಕಟ್ಟುವುದು. ಐದನೆಯ ದಾರಿ ಹುಡುಕುತ್ತ ಕೂರಬೇಡಿ. ಈ ನಾಲ್ಕರಲ್ಲೇ ಎಂಟು-ನಾಲ್ಕಡಿ ಹಲಗೆಗೆ ಒಪ್ಪುವ ಘಾಟಿ ಖಂಡಿತ ಸಿಗುತ್ತದೆ.